ಉಪ್ಪನ ಗಾಳದ ಕೋಲು ಎತ್ತಿಕೊಂಡ ಹುಡುಗಿ: ಫ್ಲೈ ಫಿಶಿಂಗ್‌ನಲ್ಲಿ ಬದುಕು ಕಟ್ಟಿದ ಜೋನ್ ವುಲ್ಫ್

ಕುಪವಾಡ: ಮಹಾರಾಷ್ಟ್ರದ ಸಾಂಗ್ಲಿ ಮತ್ತು ಮಿರಜ್ ನಡುವೆ ಇರುವ ಕುಪವಾಡ ಅಂದ್ರೆ ಮೊದಲು ನೆನಪಾಗೋದು ಅಲ್ಲಿನ ಕೈಗಾರಿಕಾ ವಸಾಹತು. 1998ರಲ್ಲಿ ಮೂರೂ ಊರುಗಳನ್ನು ಸೇರಿಸಿ ಒಂದೇ ಮಹಾನಗರ ಪಾಲಿಕೆ ಮಾಡಲಾಯಿತು. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಕೃಷ್ಣಾ ನದಿ ಹರಿಯುತ್ತದೆ. ಹರಿಪುರದ ಹತ್ತಿರ ವಾರಣಾ ನದಿ ಬಂದು ಕೃಷ್ಣೆಗೆ ಸೇರುತ್ತದೆ. ಅದೇ ನೀರು ಮುಂದೆ ನಮ್ಮ ಚಿಕ್ಕೋಡಿ, ಅಥಣಿ ಕಡೆಗೆ ಇಳಿದು ಬರುತ್ತದೆ.

ನದಿ ಇದ್ದಲ್ಲಿ ಬಲೆ ಇರುತ್ತದೆ, ಗಾಳ ಇರುತ್ತದೆ. ಗಾಳ ಹಿಡಿದು ದಡದಲ್ಲಿ ಕೂತವರಲ್ಲಿ ಗಂಡಸರೇ ಜಾಸ್ತಿ. ಕೃಷ್ಣೆಯ ದಡವಾಗಲಿ, ನಮ್ಮ ನೇತ್ರಾವತಿ, ಫಲ್ಗುಣಿ ದಡವಾಗಲಿ, ಇದರಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಹೆಂಗಸರು ಮೀನು ಮಾರುತ್ತಾರೆ, ಒಣಗಿಸುತ್ತಾರೆ, ಸಾರು ಮಾಡುತ್ತಾರೆ. ಗಾಳದ ಕೋಲು ಮಾತ್ರ ಅವರ ಕೈಗೆ ಬರುವುದು ಕಡಿಮೆ.

ಸುಮಾರು ತೊಂಬತ್ತು ವರ್ಷಗಳ ಹಿಂದೆ ಅಮೆರಿಕದಲ್ಲೂ ಹೀಗೇ ಇತ್ತು. ಅಲ್ಲಿ ಒಬ್ಬಳು ಹತ್ತು ವರ್ಷದ ಹುಡುಗಿ ಅಪ್ಪನ ಕೋಲನ್ನು ಎತ್ತಿಕೊಂಡು ಹೋದಳು. ಮುಂದೆ ಅದೇ ಅವಳ ಕಸುಬಾಯಿತು, ಹೆಸರಾಯಿತು. ಆಕೆ ಜೋನ್ ಸಾಲ್ವಾಟೋ ವುಲ್ಫ್. ಇದು ಅವರ ಕತೆ. ಜೊತೆಗೆ ಆ ಕಲೆಗೂ ನಮ್ಮ ಮಂಗಳೂರಿಗೂ, ಕೃಷ್ಣೆಗೂ, ಕಾವೇರಿಗೂ ಇರುವ ನಂಟಿನ ಕತೆ.

ಫ್ಲೈ ಫಿಶಿಂಗ್ ಅಂದ್ರೆ ಏನು?

ನಮಗೆ ಗೊತ್ತಿರುವ ಗಾಳದಲ್ಲಿ ದಾರ ಹಗುರ, ತುದಿ ಭಾರ. ಕೊಕ್ಕೆಗೆ ಎರೆಹುಳುವೋ ಸಿಗಡಿಯೋ ಚುಚ್ಚಿ, ಮೇಲೆ ಒಂದು ಸೀಸದ ತುಂಡು ಕಟ್ಟಿ ಬೀಸುತ್ತೇವೆ. ಆ ಭಾರವೇ ದಾರವನ್ನು ಎಳೆದುಕೊಂಡು ದೂರ ಹೋಗುತ್ತದೆ.

ಫ್ಲೈ ಫಿಶಿಂಗ್‌ನಲ್ಲಿ ಇದು ಉಲ್ಟಾ. ಇಲ್ಲಿ ದಾರವೇ ದಪ್ಪ, ದಾರವೇ ಭಾರ. ತುದಿಯಲ್ಲಿ ಇರುವುದು ಗರಿ, ಕೂದಲು, ನೂಲು ಸುತ್ತಿ ಮಾಡಿದ ಪುಟ್ಟ ಹುಳುವಿನ ಆಕಾರ. ಅದಕ್ಕೇ ‘ಫ್ಲೈ’ ಅನ್ನುವ ಹೆಸರು. ಅದಕ್ಕೆ ತೂಕವೇ ಇಲ್ಲ ಅನ್ನಬಹುದು. ಹಾಗಾಗಿ ಅದನ್ನು ಎಸೆಯಲು ಆಗುವುದಿಲ್ಲ, ದಾರವನ್ನೇ ಎಸೆಯಬೇಕು. ಕೋಲನ್ನು ಹಿಂದಕ್ಕೆ ಎತ್ತಿದಾಗ ದಾರ ಬೆನ್ನ ಹಿಂದೆ ಗಾಳಿಯಲ್ಲಿ ನೇರವಾಗಿ ಚಾಚಿಕೊಳ್ಳಬೇಕು. ಅದರ ಭಾರಕ್ಕೆ ಕೋಲು ಬಿಲ್ಲಿನಂತೆ ಬಾಗಬೇಕು. ಆಮೇಲೆ ಮುಂದಕ್ಕೆ ತಂದು ಥಟ್ಟನೆ ನಿಲ್ಲಿಸಿದರೆ ದಾರ ಸುರುಳಿ ಬಿಚ್ಚಿಕೊಂಡು ಮುಂದೆ ಹೋಗುತ್ತದೆ. ಕೊನೆಗೆ ಹುಳು ನೀರಿನ ಮೇಲೆ ಮೆಲ್ಲಗೆ ಕೂರುತ್ತದೆ.

ಬೀಸುಬಲೆ ಹಾಕಿ ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಬಲೆ ಬಿಚ್ಚಿಕೊಳ್ಳುವುದು ತೋಳಿನ ಬಲದಿಂದ ಮಾತ್ರ ಅಲ್ಲ, ಸೊಂಟ ತಿರುಗಿಸುವ ಹದದಿಂದ, ಕೈ ಬಿಡುವ ಸಮಯದಿಂದ. ಫ್ಲೈ ಕೋಲೂ ಹಾಗೆಯೇ. ಅವಸರ ಮಾಡಿದರೆ ದಾರ ಬೆನ್ನ ಹಿಂದೆಯೇ ಗಂಟು ಬೀಳುತ್ತದೆ. ಬಲ ಜಾಸ್ತಿ ಹಾಕಿದರೆ ಕೆಡುತ್ತದೆ. ಇದು ಗಂಡಸರ ತೋಳಿನ ಆಟ ಅಂತ ನಂಬಿದ್ದ ಕಾಲದಲ್ಲಿ, ಅದು ಹಾಗಲ್ಲ ಅಂತ ಮಾಡಿ ತೋರಿಸಿದವರು ಜೋನ್.

ದೋಣಿ ನಡೆಸಿದ ಅಮ್ಮ

ಜೋನ್ ಹುಟ್ಟಿದ್ದು 1926ರಲ್ಲಿ, ನ್ಯೂಜೆರ್ಸಿಯ ಪ್ಯಾಟರ್ಸನ್‌ನಲ್ಲಿ. ರೇಷ್ಮೆ ಮಗ್ಗಗಳಿಂದ ಹೆಸರಾದ ಊರು ಅದು. ಇಂದು ಅಲ್ಲಿ ದೊಡ್ಡ ಮುಸ್ಲಿಂ ಸಮುದಾಯವೂ ಇದೆ. ಜೋನ್ ಅವರ ತಂದೆಗೆ ಬೇಟೆ ಮತ್ತು ಮೀನುಗಾರಿಕೆಯ ಸಾಮಾನು ಮಾರುವ ಅಂಗಡಿ ಇತ್ತು.

ಬಾಲ್ಯದ ಒಂದು ಸಂಜೆಯನ್ನು ಅವರು ಮುಂದೆ ಎಷ್ಟೋ ಸಲ ನೆನಪಿಸಿಕೊಂಡಿದ್ದಾರೆ. ಅಪ್ಪ, ಅಮ್ಮ, ಮಗಳು ದೋಣಿಯಲ್ಲಿ ಹೋಗಿದ್ದರು. ಅಪ್ಪ ಗಾಳ ಬೀಸುತ್ತಿದ್ದರು, ಅಮ್ಮ ಹುಟ್ಟು ಹಾಕುತ್ತಿದ್ದರು. ದೋಣಿ ಎಲೆಗಳ ಹತ್ತಿರ ಹೋದರೂ ತಪ್ಪು, ದೂರ ಹೋದರೂ ತಪ್ಪು. ಬೈಗುಳ ಎಲ್ಲ ಅಮ್ಮನಿಗೆ. ಅದನ್ನು ನೋಡುತ್ತಾ ಕೂತಿದ್ದ ಪುಟ್ಟ ಹುಡುಗಿ ಮನಸ್ಸಿನಲ್ಲೇ ತೀರ್ಮಾನ ಮಾಡಿದಳು: ದೋಣಿ ನಡೆಸುವುದಕ್ಕಿಂತ ಗಾಳ ಹಿಡಿಯುವುದೇ ವಾಸಿ.

ಅಪ್ಪ ಗಾಳ ಬೀಸುವುದನ್ನು ಹೇಳಿಕೊಡುತ್ತಿದ್ದದ್ದು ಮಗನಿಗೆ, ಮಗಳಿಗಲ್ಲ. ಒಂದು ದಿನ ಅಪ್ಪ ಮನೆಯಲ್ಲಿ ಇಲ್ಲದಾಗ ಜೋನ್ ಅಮ್ಮನ ಒಪ್ಪಿಗೆ ಕೇಳಿ ಅಪ್ಪನ ಕೋಲು ತೆಗೆದುಕೊಂಡು ಕೊಳಕ್ಕೆ ಹೋದಳು. ಎರಡು ಸಲ ಬೀಸಿದ್ದೇ ತಡ, ಕೋಲಿನ ತುದಿ ಕಳಚಿ ನೀರಿಗೆ ಬಿತ್ತು! ಅಳುತ್ತಾ ಮನೆಗೆ ಬಂದಳು. ಪಕ್ಕದ ಮನೆಯವರು ಕುಂಟೆಯಂಥ ಸಲಕರಣೆ ತಂದು ನೀರಿನಡಿ ಬಾಚಿ ಅದನ್ನು ಮೇಲೆತ್ತಿ ಕೊಟ್ಟರು.

ವಿಷಯ ಅಪ್ಪನಿಗೆ ತಿಳಿಯಿತು. ಬೈಗುಳ ಬೀಳುತ್ತದೆ ಅಂತ ಹೆದರಿದ್ದ ಮಗಳಿಗೆ ಸಿಕ್ಕಿದ್ದು ಬೇರೆಯೇ. ತನಗೂ ಕಲಿಯುವ ಆಸೆ ಇದೆ ಅಂತ ತಿಳಿದ ಅಪ್ಪ, ತಮ್ಮ ಕ್ಲಬ್ಬಿಗೆ ಬಾ ಅಂತ ಕರೆದರು. ಅಮ್ಮ ಒಪ್ಪದಿದ್ದರೆ, ಅಥವಾ ಅಪ್ಪ ಆ ದಿನ ಕೋಲು ಹಾಳಾದ ಸಿಟ್ಟಿನಲ್ಲಿ ಇನ್ನು ಮುಟ್ಟಬೇಡ ಅಂದಿದ್ದರೆ, ಕತೆ ಅಲ್ಲಿಗೇ ಮುಗಿಯುತ್ತಿತ್ತು. ಮನೆಯಲ್ಲಿ ಹೆಣ್ಣುಮಕ್ಕಳಿರುವ ಎಲ್ಲ ಉಪ್ಪಂದಿರೂ ಉಮ್ಮಂದಿರೂ ಒಂದು ಕ್ಷಣ ಯೋಚಿಸಬೇಕಾದ ಜಾಗ ಇದು.

ಮೀನಿಲ್ಲದ ಮೀನುಗಾರಿಕೆ

ಜೋನ್ ಸೇರಿದ್ದು ‘ಕಾಸ್ಟಿಂಗ್’ ಅನ್ನುವ ಸ್ಪರ್ಧೆಗೆ. ಇದರಲ್ಲಿ ಮೀನೇ ಇರುವುದಿಲ್ಲ. ಕೊಳದಲ್ಲಿ ತೇಲುವ ಬಳೆಗಳೇ ಗುರಿ. ಕೆಲವು ಸ್ಪರ್ಧೆಗಳಲ್ಲಿ ದಾರದ ತುದಿ ಬಳೆಯೊಳಗೆ ಬೀಳಬೇಕು, ಇನ್ನು ಕೆಲವದರಲ್ಲಿ ಅತಿ ದೂರ ಎಸೆದವರು ಗೆಲ್ಲುತ್ತಾರೆ. ಬಿಲ್ಲುಗಾರಿಕೆಯ ಹಾಗೆ ಇದೂ ಹದ ಮತ್ತು ಏಕಾಗ್ರತೆಯ ಆಟ.

1943ರಿಂದ 1960ರವರೆಗೆ ಜೋನ್ 17 ರಾಷ್ಟ್ರೀಯ ಪ್ರಶಸ್ತಿ ಗೆದ್ದರು. 1951ರಲ್ಲಿ ದೂರ ಎಸೆಯುವ ಒಂದು ಸ್ಪರ್ಧೆಯಲ್ಲಿ ಎದುರಾಳಿಗಳೆಲ್ಲ ಗಂಡಸರು. ಗೆದ್ದದ್ದು ಜೋನ್. 1960ರಲ್ಲಿ ಅವರು ಎಸೆದ ದೂರ 161 ಅಡಿ, ಅಂದರೆ ಸುಮಾರು 49 ಮೀಟರ್.

ಇದು ಹೇಗೆ ಸಾಧ್ಯವಾಯಿತು? ಜೋನ್ ಚಿಕ್ಕಂದಿನಿಂದ ನೃತ್ಯ ಕಲಿತವರು, ಸ್ನೇಹಿತೆಯ ಜೊತೆ ಸೇರಿ ನೃತ್ಯ ಶಾಲೆಯನ್ನೂ ನಡೆಸಿದವರು. ಪಾದ, ಸೊಂಟ, ಭುಜ, ಮಣಿಕಟ್ಟು ಎಲ್ಲವೂ ಒಂದರ ಹಿಂದೆ ಒಂದು ಚಲಿಸಿದಾಗ ಸಣ್ಣ ದೇಹದಿಂದಲೂ ದೊಡ್ಡ ಕೆಲಸ ತೆಗೆಯಬಹುದು ಅಂತ ನೃತ್ಯ ಅವರಿಗೆ ಕಲಿಸಿತ್ತು. ಗಂಡಸರು ಬರೀ ತೋಳಿನಲ್ಲಿ ಎಸೆಯುತ್ತಿದ್ದದ್ದನ್ನು ಇವರು ಇಡೀ ಮೈಯಿಂದ ಎಸೆದರು.

ಆಸಕ್ತಿ ಸಂಬಳದ ಕೆಲಸವಾದದ್ದು

ಪ್ರಶಸ್ತಿಯಿಂದ ಹೊಟ್ಟೆ ತುಂಬುವುದಿಲ್ಲ. ಆ ಕಾಲದಲ್ಲಿ ಮೀನುಗಾರಿಕೆಯ ಸಾಮಾನು ಮಾಡುವ ಕಂಪನಿಗಳಲ್ಲಿ ಹೆಂಗಸರಿಗೆ ಜಾಗ ಇರಲಿಲ್ಲ ಅನ್ನಬಹುದು. 1959ರಲ್ಲಿ ಗಾರ್ಸಿಯಾ ಕಂಪನಿ ಜೋನ್ ಅವರನ್ನು ಸಂಬಳದ ಮೇಲೆ ತೆಗೆದುಕೊಂಡಿತು. ಊರೂರಿನ ಪ್ರದರ್ಶನಗಳಲ್ಲಿ ಕೋಲು ಬೀಸಿ ತೋರಿಸುವುದು, ಕಲಿಸುವುದು ಅವರ ಕೆಲಸ. ಈ ನಡುವೆ ಮದುವೆ, ಇಬ್ಬರು ಗಂಡುಮಕ್ಕಳ ಪಾಲನೆ ಎಲ್ಲ ಇತ್ತು.

1967ರಲ್ಲಿ ಅವರು ಲೀ ವುಲ್ಫ್ ಅವರನ್ನು ಮದುವೆಯಾದರು. ಲೀ ಆಗಲೇ ಈ ಲೋಕದ ದೊಡ್ಡ ಹೆಸರು. ಒಳ್ಳೆಯ ಮೀನನ್ನು ಒಂದೇ ಸಲ ಹಿಡಿದು ಮುಗಿಸಬಾರದು, ಅದನ್ನು ವಾಪಸ್ ನೀರಿಗೆ ಬಿಡಬೇಕು ಅಂತ 1939ರಷ್ಟು ಹಿಂದೆಯೇ ಬರೆದವರು ಅವರು. 1979ರಲ್ಲಿ ಗಂಡ ಹೆಂಡತಿ ಸೇರಿ ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ, ಬೀವರ್‌ಕಿಲ್ ಹೊಳೆಯ ಹತ್ತಿರ ಒಂದು ಫ್ಲೈ ಫಿಶಿಂಗ್ ಶಾಲೆ ತೆರೆದರು.

ಜೋನ್ ಮಾಡಿದ ಅತಿ ದೊಡ್ಡ ಕೆಲಸ ಇರುವುದು ಇಲ್ಲೇ. ಅದುವರೆಗೆ ಗಾಳ ಬೀಸುವುದನ್ನು ಕಲಿಸುವವರು ‘ನಾನು ಮಾಡಿದ ಹಾಗೆ ಮಾಡು’ ಅನ್ನುತ್ತಿದ್ದರು. ಕೈಯ ಪ್ರತಿಯೊಂದು ಹಂತಕ್ಕೂ ಒಂದು ಹೆಸರು ಇರಲಿಲ್ಲ. ಹೆಸರಿಲ್ಲದ್ದನ್ನು ಕಲಿಸುವುದು ಕಷ್ಟ, ತಿದ್ದುವುದು ಇನ್ನೂ ಕಷ್ಟ. ಜೋನ್ ಇಡೀ ಚಲನೆಯನ್ನು ಬಿಡಿಸಿ, ಕೋಲಿಗೆ ಭಾರ ಕೊಡುವ ಹಂತ, ಕೊನೆಯಲ್ಲಿ ಬಲ ಹಾಕಿ ಥಟ್ಟನೆ ನಿಲ್ಲಿಸುವ ಹಂತ ಹೀಗೆ ಒಂದೊಂದಕ್ಕೂ ಹೆಸರಿಟ್ಟರು. 1987ರಲ್ಲಿ ಅದನ್ನು ಪುಸ್ತಕವಾಗಿ ತಂದರು. ಹೆಂಗಸರ ಕೈಗೆ ಹೊಂದುವ ಹಿಡಿ, ಹೆಬ್ಬೆರಳು ಕೂರಲು ತಗ್ಗು ಇರುವ ಕೋಲಿನ ವಿನ್ಯಾಸದಲ್ಲೂ ಅವರ ಪಾಲಿದೆ.

1991ರ ಏಪ್ರಿಲ್‌ನಲ್ಲಿ ಲೀ ಸಣ್ಣ ವಿಮಾನದ ಅಪಘಾತದಲ್ಲಿ ತೀರಿಕೊಂಡರು. ಜೋನ್‌ಗೆ ಆಗ ಅರವತ್ತು ದಾಟಿತ್ತು. ಶಾಲೆ ಮುಚ್ಚಲಿಲ್ಲ. ಮತ್ತೆ ಬಹಳ ವರ್ಷ ಅವರು ಅದನ್ನು ನಡೆಸಿದರು, ಕಲಿಸಿದರು. 2007ರಲ್ಲಿ ಅಂತಾರಾಷ್ಟ್ರೀಯ ಗೇಮ್ ಫಿಶ್ ಸಂಘಟನೆಯ ಗೌರವ ಪಟ್ಟಿಗೆ ಅವರ ಹೆಸರು ಸೇರಿತು.

ಜೋನ್ ಒಬ್ಬರೇ ಅಲ್ಲ

ಹಿಂದೆ ತಿರುಗಿ ನೋಡಿದರೆ ಈ ಕಲೆಯ ಬುಡದಲ್ಲೇ ಹೆಂಗಸರ ಹೆಸರುಗಳಿವೆ. ಇಂಗ್ಲಿಷಿನಲ್ಲಿ ಗಾಳದ ಬಗ್ಗೆ ಅಚ್ಚಾದ ಮೊದಲ ಬರಹ 1496ರದ್ದು. ಅದನ್ನು ಬರೆದದ್ದು ಜೂಲಿಯಾನಾ ಬರ್ನರ್ಸ್ ಅನ್ನುವ ಸನ್ಯಾಸಿನಿ ಅಂತ ಪರಂಪರೆಯ ನಂಬಿಕೆ. ಸ್ಕಾಟ್ಲೆಂಡಿನ ಟೇ ನದಿಯಲ್ಲಿ 1922ರ ಅಕ್ಟೋಬರ್‌ನಲ್ಲಿ ಜಾರ್ಜಿನಾ ಬ್ಯಾಲಂಟೈನ್ 64 ಪೌಂಡ್ ತೂಕದ ಸಾಲ್ಮನ್ ಮೀನು ಹಿಡಿದರು. ಅದು ಫ್ಲೈ ಗಾಳವಲ್ಲ, ಆದರೆ ಬ್ರಿಟನ್ನಿನಲ್ಲಿ ಗಾಳಕ್ಕೆ ಸಿಕ್ಕ ಸಾಲ್ಮನ್‌ಗಳಲ್ಲಿ ಅದರ ದಾಖಲೆಯನ್ನು ಯಾರೂ ಮುರಿದಿಲ್ಲ. ಆ ದಿನ ಅವರ ಜೊತೆ ದೋಣಿಯಲ್ಲಿದ್ದದ್ದು ಅಪ್ಪ.

ಸ್ಕಾಟ್ಲೆಂಡಿನವರೇ ಆಗಿ ಬಾಳಿದ ಮೇಗನ್ ಬಾಯ್ಡ್ ಕಡಲ ತೀರದ ಸಣ್ಣ ಮನೆಯೊಂದರಲ್ಲಿ ಕೂತು ದಶಕಗಳ ಕಾಲ ಗರಿ, ನೂಲಿನಿಂದ ಫ್ಲೈ ಕಟ್ಟಿದರು. ದೊಡ್ಡ ದೊಡ್ಡವರು ಅವರ ಕೈಕೆಲಸಕ್ಕೆ ಕಾದು ನಿಲ್ಲುತ್ತಿದ್ದರು. 1971ರಲ್ಲಿ ಬ್ರಿಟಿಷ್ ಸರ್ಕಾರದ ಪದಕ ಬಂತು. ವಿಶೇಷ ಅಂದ್ರೆ, ಮೀನು ಕೊಲ್ಲಲು ಅವರಿಗೆ ಮನಸ್ಸೇ ಇರಲಿಲ್ಲ. ಕಟ್ಟುವುದಷ್ಟೇ ಅವರ ಕಸುಬು.

ಅಮೆರಿಕದಲ್ಲಿ 1996ರಲ್ಲಿ ಶುರುವಾದ ‘ಕಾಸ್ಟಿಂಗ್ ಫಾರ್ ರಿಕವರಿ’ ಅನ್ನುವ ಸಂಸ್ಥೆ ಸ್ತನ ಕ್ಯಾನ್ಸರ್ ಆದ ಹೆಂಗಸರಿಗೆ ಫ್ಲೈ ಕೋಲು ಬೀಸುವುದನ್ನು ಕಲಿಸುತ್ತದೆ. ಶಸ್ತ್ರಚಿಕಿತ್ಸೆ ಆದ ಮೇಲೆ ತೋಳು, ಭುಜ ಬಿಗಿಯಾಗುತ್ತದೆ. ಕೋಲು ಬೀಸುವ ಮೆಲುವಾದ ಚಲನೆ ಅದಕ್ಕೆ ಒಳ್ಳೆಯ ವ್ಯಾಯಾಮ. ಜೊತೆಗೆ ಹೊಳೆಯ ಬದಿಯಲ್ಲಿ ಕಳೆದ ಎರಡು ದಿನ ಮನಸ್ಸಿಗೂ ಮದ್ದು.

ಮಂಗಳೂರಿನಲ್ಲಿ ಅಚ್ಚಾದ ಪುಸ್ತಕ

ಇದೆಲ್ಲ ಬಿಳಿಯರ ಊರಿನ ವಿಷಯ, ನಮಗೇನು ಸಂಬಂಧ ಅಂತ ಅನ್ನಿಸಬಹುದು. ಸಂಬಂಧ ಇದೆ. ಭಾರತದ ನದಿಗಳಲ್ಲಿ ಗಾಳ ಹಾಕುವ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಹೆಸರಾಂತ ಪುಸ್ತಕ ‘ದ ರಾಡ್ ಇನ್ ಇಂಡಿಯಾ’. 1873ರಲ್ಲಿ ಅದು ಪ್ರಕಟವಾದದ್ದು ಲಂಡನ್ನಿನಲ್ಲಿ ಅಲ್ಲ, ನಮ್ಮ ಮಂಗಳೂರಿನಲ್ಲಿ. ಬರೆದವರು ಎಚ್.ಎಸ್. ಥಾಮಸ್, ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದವರು. ನಮ್ಮ ಜಿಲ್ಲೆಯ ಮೀನು ಸಾಕಣೆಯ ಬಗ್ಗೆ 1870ರಲ್ಲಿ ಅವರು ಸರ್ಕಾರಕ್ಕೆ ವರದಿಯನ್ನೂ ಕೊಟ್ಟಿದ್ದರು.

ಅವರು ಕೊಂಡಾಡಿದ ಮೀನು ಮಹಶೀರ್. ನಮ್ಮಲ್ಲಿ ಇದನ್ನು ಪೆರುವೋಲು ಅನ್ನುತ್ತಾರೆ. ಬೆಳ್ತಂಗಡಿ ತಾಲೂಕಿನ ಶಿಶಿಲಕ್ಕೆ ಹೋದವರು ಕಪಿಲಾ ಹೊಳೆಯಲ್ಲಿ ಗುಂಪು ಗುಂಪಾಗಿ ಓಡಾಡುವ ಈ ಮೀನುಗಳನ್ನು ನೋಡಿರುತ್ತಾರೆ. ದೇವಸ್ಥಾನದ ಎದುರು ಅವನ್ನು ಯಾರೂ ಹಿಡಿಯುವುದಿಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಸೋದರರಲ್ಲಿ ಒಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ ತೂಗಿದ್ದು 120 ಪೌಂಡ್, ಅಂದರೆ ಸುಮಾರು 54 ಕಿಲೋ!

ಕೃಷ್ಣೆಯ ಮೀನು ಕಾವೇರಿಗೆ ಹೋದಾಗ

ಕುಪವಾಡದ ಹತ್ತಿರ ಹರಿಯುವ ಕೃಷ್ಣೆಯ ಬಳಗದ ಹೊಳೆಗಳಿಗೂ ಮಹಶೀರ್ ಸ್ವಂತದ್ದು. ಡೆಕ್ಕನ್ ಮಹಶೀರ್ ಅನ್ನುವ ಜಾತಿಗೆ ಸೈಕ್ಸ್ ಅನ್ನುವ ಬ್ರಿಟಿಷ್ ಅಧಿಕಾರಿ 1839ರಲ್ಲಿ ವೈಜ್ಞಾನಿಕ ಹೆಸರು ಕೊಟ್ಟದ್ದು ಪುಣೆ ಕಡೆಯ ಮುಳಾ-ಮುಠಾ ನದಿಯ ಮೀನು ನೋಡಿ. ಆ ನದಿ ಭೀಮೆಗೆ, ಭೀಮೆ ಕೃಷ್ಣೆಗೆ ಸೇರುತ್ತದೆ.

ಮುಂದೆ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರು ಈ ಮೀನಿನ ಮರಿ ಮಾಡುವ ಕೇಂದ್ರ ನಡೆಸಿದರು. ಮರಿಗಳನ್ನು ದೇಶದ ಹಲವು ನದಿಗಳಿಗೆ ಬಿಟ್ಟರು, ಕಾವೇರಿಗೂ ಬಿಟ್ಟರು. ಉದ್ದೇಶ ಒಳ್ಳೆಯದೇ. ಆದರೆ ಕಾವೇರಿಗೆ ತನ್ನದೇ ಆದ ಮಹಶೀರ್ ಇತ್ತು, ಬೆನ್ನು ಉಬ್ಬಿದ, ಭಾರೀ ಗಾತ್ರದ ಜಾತಿ. ಹೊರಗಿನದು ಹೆಚ್ಚುತ್ತಾ ಹೋದ ಹಾಗೆ ಒಳಗಿನದು ಕಡಿಮೆಯಾಗುತ್ತಾ ಬಂತು. ಅಣೆಕಟ್ಟು, ಮರಳುಗಾರಿಕೆ, ತೋಟೆ ಹಾಕಿ ಮೀನು ಕೊಲ್ಲುವುದು ಇವೂ ಸೇರಿಕೊಂಡವು.

ಇದು ಗೊತ್ತಾದದ್ದು ಹೇಗೆ? ಗಾಳ ಹಾಕುವವರ ಲೆಕ್ಕದ ಪುಸ್ತಕದಿಂದ. ಕಾವೇರಿಯ ಗಾಳಿಬೋರೆ ಶಿಬಿರದಲ್ಲಿ ಹಿಡಿದ ಪ್ರತಿ ಮೀನನ್ನೂ ತೂಗಿ, ಬರೆದಿಟ್ಟು, ವಾಪಸ್ ಬಿಡುತ್ತಿದ್ದರು. 1998ರಿಂದ 2012ರವರೆಗಿನ ಆ ದಾಖಲೆಯನ್ನು ವಿಜ್ಞಾನಿಗಳು ಕೂತು ನೋಡಿದಾಗ ಕಾವೇರಿಯ ಸ್ವಂತ ಮೀನು ಮಾಯವಾಗುತ್ತಿರುವುದು ಕಣ್ಣಿಗೆ ಹೊಡೆಯಿತು. ವಿಚಿತ್ರ ಅಂದ್ರೆ, ಲೋಕವೇ ಹೊಗಳಿದ ಆ ಮೀನಿಗೆ ಅಲ್ಲಿಯವರೆಗೆ ಸರಿಯಾದ ವೈಜ್ಞಾನಿಕ ಹೆಸರು ಕೂಡ ನಿಶ್ಚಯವಾಗಿರಲಿಲ್ಲ. 2018ರಲ್ಲಿ ಅದು ‘ಟಾರ್ ರೆಮಾದೇವಿ’ ಅಂತ ಖಚಿತವಾಯಿತು. ಕೇರಳದ ಪಾಂಬಾರ್ ಹೊಳೆಯಲ್ಲಿ ಸಿಕ್ಕಿದ ಮೀನಿಗೆ ಅದಕ್ಕೂ ಮೊದಲೇ ಇಟ್ಟಿದ್ದ ಹೆಸರು ಅದು. ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣೆಯ ಮೀನು ತಜ್ಞೆ ಕೆ. ರೆಮಾದೇವಿ ಅವರ ಗೌರವಕ್ಕೆ ಇಟ್ಟದ್ದು. ಅದೇ ವರ್ಷ ಐಯುಸಿಎನ್ ಅದನ್ನು ಅತಿ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ನಮ್ಮ ನಾಡಿನ ಅತಿ ಹೆಸರಾಂತ ಗಾಳದ ಮೀನು ಇವತ್ತು ಒಬ್ಬ ಹೆಣ್ಣುಮಗಳ ಹೆಸರು ಹೊತ್ತಿದೆ.

ಕೃಷ್ಣೆಯ ಪಾಡೂ ನೆಮ್ಮದಿಯದ್ದಲ್ಲ. 2023ರ ಮಾರ್ಚ್‌ನಲ್ಲಿ ಸಾಂಗ್ಲಿ ಹತ್ತಿರ ರಾಶಿ ರಾಶಿ ಮೀನು ಸತ್ತು ತೇಲಿದವು. ನೀರು ಕೆಟ್ಟರೆ ಬಲೆಯವನಿಗೂ ಇಲ್ಲ, ಗಾಳದವನಿಗೂ ಇಲ್ಲ. ಹೊಳೆಗೆ ತೋಟೆ, ವಿಷ ಹಾಕುವುದನ್ನು 1897ರ ಮೀನುಗಾರಿಕೆ ಕಾಯ್ದೆಯೇ ಅಪರಾಧ ಅಂದಿದೆ. ಆದರೂ ಬೇಸಿಗೆ ಬಂದರೆ ನಮ್ಮ ಹೊಳೆಗುಂಡಿಗಳಲ್ಲಿ ಅದು ನಿಂತಿಲ್ಲ.

ಹಿಡಿದು ಬಿಡುವುದು ಸರಿಯೇ?

ನಮ್ಮ ಓದುಗರಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ನೀರಿನ ಬೇಟೆ ಹಲಾಲ್ ಅಂತ ಪವಿತ್ರ ಕುರ್‌ಆನ್‌ನ ಸೂರಃ ಅಲ್ ಮಾಇದಃದ 96ನೇ ಸೂಕ್ತದಲ್ಲಿ ಸ್ಪಷ್ಟವಿದೆ. ತಿನ್ನಲು, ಮಾರಲು ಮೀನು ಹಿಡಿಯುವುದರಲ್ಲಿ ತಕರಾರಿಲ್ಲ. ಆದರೆ ಬರೀ ಮೋಜಿಗೆ ಜೀವಕ್ಕೆ ನೋವು ಕೊಡುವುದು? ಜೀವವಿರುವುದನ್ನು ಗುರಿಯಾಗಿಟ್ಟು ಆಡುವುದನ್ನು ಪ್ರವಾದಿ (ಸ) ತಡೆದಿದ್ದಾರೆ. ಹಾಗಾಗಿ ಹಿಡಿದು ಬಿಡುವ ಆಟದ ಬಗ್ಗೆ ತಮ್ಮ ಊರಿನ ತಿಳಿದ ಉಲಮಾಗಳಲ್ಲಿ ಕೇಳಿಕೊಳ್ಳುವುದೇ ಸರಿ.

ಒಂದು ಮಾತು ಮಾತ್ರ ಇಲ್ಲಿ ನೆನಪಿಡಬೇಕು. ಜೋನ್ ಗೆದ್ದ ಕಾಸ್ಟಿಂಗ್ ಪ್ರಶಸ್ತಿಗಳಿಗೆ ಒಂದು ಮೀನೂ ಬೇಕಾಗಿರಲಿಲ್ಲ. ನೀರಿನ ಮೇಲೆ ತೇಲುವ ಬಳೆ, ಒಂದು ಕೋಲು, ಒಂದು ದಾರ, ದಿನವೂ ಅಭ್ಯಾಸ ಇಷ್ಟೇ. ಆಟದ ಮೈದಾನದಲ್ಲೂ, ಮೈತುಂಬ ಬಟ್ಟೆ ಹಾಕಿಕೊಂಡೂ ಕಲಿಯಬಹುದಾದ ಕ್ರೀಡೆ ಅದು.

ನಮ್ಮ ಮಕ್ಕಳಿಗೆ ಏನು ಪಾಠ?

ಎಲ್ಲರೂ ಫ್ಲೈ ಫಿಶಿಂಗ್ ಕಲಿಯಬೇಕು ಅಂತ ಅಲ್ಲ. ನಮ್ಮಲ್ಲಿ ಆ ಸಾಮಾನು ದುಬಾರಿ, ಕಲಿಸುವವರು ಕಡಿಮೆ, ಎಲ್ಲ ಹೊಳೆಯಲ್ಲೂ ಗಾಳ ಹಾಕಲು ಅನುಮತಿಯೂ ಇಲ್ಲ. ಕಾವೇರಿ ವನ್ಯಜೀವಿಧಾಮದ ಒಳಗಿನ ಗಾಳದ ಶಿಬಿರಗಳು ಕಳೆದ ದಶಕದ ಆರಂಭದಲ್ಲೇ ನಿಂತುಹೋದವು.

ಆದರೆ ಮೀನಿನ ಸುತ್ತ ಇರುವ ಕೆಲಸ ಬಹಳ ದೊಡ್ಡದು. ಮಂಗಳೂರಿನಲ್ಲೇ ಮೀನುಗಾರಿಕೆ ಕಾಲೇಜು ಇದೆ. ಕಡಲ ಮಕ್ಕಳಾದ ನಮ್ಮ ಹುಡುಗಿಯರು ಮೀನು ತಜ್ಞರಾಗಬಹುದು, ಹೊಳೆಯ ನೀರು ಪರೀಕ್ಷೆ ಮಾಡುವವರಾಗಬಹುದು, ಕ್ರೀಡೆ ಕಲಿಸುವವರಾಗಬಹುದು. ಹುಡುಗರು ಹೊಳೆಗೆ ತೋಟೆ ಹಾಕುವ ಗೆಳೆಯನ ಕೈ ಹಿಡಿದು ತಡೆಯಬಹುದು. ಹಿಡಿದ ಮೀನಿನ ಹೆಸರು, ಅಳತೆ, ದಿನಾಂಕ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬಹುದು. ಗಾಳಿಬೋರೆಯಲ್ಲಿ ಒಂದು ಜಾತಿ ಅಳಿಯುತ್ತಿರುವುದನ್ನು ತಿಳಿಸಿದ್ದು ಅಂಥ ಪುಸ್ತಕವೇ ಅಲ್ವಾ?

ಮಗಳು ಯಾವುದಾದರೂ ‘ಗಂಡುಮಕ್ಕಳ’ ಸಾಮಾನು ಎತ್ತಿಕೊಂಡು ಹೋಗಿ, ಅದು ಮುರಿದು, ಅಳುತ್ತಾ ಮನೆಗೆ ಬರಬಹುದು. ಆ ಹೊತ್ತಿನಲ್ಲಿ ಉಪ್ಪ ಆಡುವ ಮೊದಲ ಮಾತು ಯಾವುದು ಅನ್ನುವುದರ ಮೇಲೆ ತುಂಬ ಸಂಗತಿ ನಿಂತಿರುತ್ತದೆ. ಪ್ಯಾಟರ್ಸನ್‌ನ ಆ ಅಂಗಡಿಯ ಅಪ್ಪ ಆ ದಿನ ‘ನಾಳೆ ನೀನೂ ಬಾ’ ಅನ್ನುವ ಅರ್ಥದ ಮಾತಾಡಿದರು. ಅಷ್ಟೇ ಸಾಕಾಯಿತು.